ಹಿರಣ್ಯಕೇಶಿಯ ದವಡೆ

೧೬ ಜೂನ್ ೨೦೨೫, ಸೋಮವಾರ. ಮಧ್ಯಾಹ್ನ

ಇವತ್ತು ಕೆರೆದದ್ದು ಉಗುರಿನಷ್ಟು ಜಾಗ. ಅಷ್ಟೇ. ಹಲ್ಲಿನ ಡಾಕ್ಟರರಿಂದ ಬೇಡಿ ತಂದ ಕೊಕ್ಕೆಸೂಜಿ ಇನ್ನೊಂದು ಮುರಿಯಿತು. ಹೊರಗಿನ ಗರಸು, ನದಿಯ ಗಟ್ಟಿಯಾದ ಮರಳು-ಹರಳು, ಸಿಮೆಂಟಿನಂತೆ ಕಚ್ಚಿಕೊಂಡಿದೆ. ಒಳಗಿನ ಎಲುಬು ಮಾತ್ರ ಒಣ ರೊಟ್ಟಿ, ಸ್ವಲ್ಪ ಒತ್ತಿದರೆ ಪುಡಿ. ಧೂಳು ಸರಿಸು, ಆಸಿಟೋನಿನಲ್ಲಿ ಕರಗಿಸಿದ ತೆಳು ಅಂಟನ್ನು ಹನಿಹನಿಯಾಗಿ ಕುಡಿಸು, ಒಣಗಲು ಬಿಡು, ಆಮೇಲೆ ಕೆರೆ. ಮತ್ತೆ ಅಂಟು. ಮತ್ತೆ ಕೆರೆ. ಕೆಳಗಿಂದ ಅತ್ತೆಯ ಕೂಗು — ಹಾಲು ಉಕ್ಕಿತಂತೆ. ಉಕ್ಕಲಿ.

ಸೋಮವಾರ ಫೌಂಡ್ರಿಗೆ ಸುಟ್ಟಿ, ವಾರದ ರಜೆ. ಪಾರೀಸ ಚಹಾ ಹಿಡಿದು ಟೆರೇಸಿನ ಪತ್ರಾಶೆಡ್ಡಿಗೆ, ಈ ತಗಡಿನ ಮಾಡಿನ ಕೆಳಗೆ, ಬಂದ. (ಎದುರಿಗೆ ‘ರೀ’ ಅನ್ನುತ್ತೇನೆ. ಗಂಡನ ಹೆಸರು ಹಿಡಿಯಲು ನನಗೆ ಇದೊಂದೇ ಜಾಗ.) ಸ್ವಲ್ಪ ಹೊತ್ತು ನೋಡಿದ.

“ಇಷ್ಟ ಹೊತ್ತಿನ್ಯಾಗ ನಮ್ಮಲ್ಲಿ ಒಂದ ಟ್ರಕ್ ಮಾಲ ಸಾಫ್ ಆಗಿರ್ತಿತ್ತ ನೋಡು.”

“ನಿಮ್ಮದು ಬೀಡು, ಎರಕದ ಕಬ್ಬಿಣ. ಇದು ಬೀಡಲ್ಲ.”

“ಮತ್ತೇನು?”

“ಆನಿ ದವಡಿ. ಎಷ್ಟ ಸರ್ತಿ ಹೇಳಲಿ?”

ನಕ್ಕ. ಫೆಬ್ರುವರಿಯಿಂದ ನಗುತ್ತಲೇ ಇದ್ದಾನೆ. ಗಡಹಿಂಗ್ಲಜದ ಹತ್ತಿರ ಹಿರಣ್ಯಕೇಶಿ ನದಿಯ ದಂಡೆ ಕುಸಿದಲ್ಲಿ ಈ ಪಳೆಯುಳಿಕೆ ಕಣ್ಣಿಗೆ ಬಿದ್ದ ದಿನ ನಾನು ಕೂತು ಅತ್ತಿದ್ದೆ. ಒದ್ದೆ ಕಾಗದ ಸುತ್ತಿ, ಗೋಣಿಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಹೊದಿಸಿ, ಅಲ್ಲಿಯ ಗೆಳತಿ ದೀಪಾಲಿಯ ಗಂಡನ ಟೆಂಪೋದಲ್ಲಿ ತಂದೆವು. ಇಲ್ಲಿ ಇಚಲಕರಂಜಿಯಲ್ಲಿ ಇಳಿಸುವಾಗ ಓಣಿಯವರೆಲ್ಲ ಕೇಳಿದ್ದು ಒಂದೇ — ಗುಪ್ತಧನವೇ?

ಕಾಲೇಜಿನ ಭೂಗರ್ಭಶಾಸ್ತ್ರ ಮದುವೆಗಾಗಿ ಅರ್ಧಕ್ಕೆ ನಿಂತಿತು. ಆಮೇಲೆ ಎಷ್ಟು ಭಾನುವಾರ ಎಸ್.ಟಿ. ಬಸ್ಸು ಹತ್ತಿ ನದಿದಂಡೆ ತುಳಿದೆನೋ. ಸಿಕ್ಕಿದ್ದು ಮುರುಕು ಹಲ್ಲು, ಕೊಂಬಿನ ಚೂರು. ಹೇಳಿಕೊಳ್ಳುವಂಥದು ಇದೊಂದೇ. ಇದನ್ನು ನನ್ನ ಕೈಯಿಂದಲೇ ಹೊರತೆಗೆಯಬೇಕು. ಬೇರೆ ಆಸೆ ಇಲ್ಲ.

೨೯ ಜೂನ್, ಭಾನುವಾರ. ಗಡಹಿಂಗ್ಲಜದಿಂದ ಬಂದು

ಬೆಂಕಿ ಹಾಕಬೇಕು ಇವರಿಗೆ. ಆ ದಂಡೆಯೇ ಇಲ್ಲ. ಯಾರೋ ಜೆಸಿಬಿ ತಂದು ಗರಸನ್ನೆಲ್ಲ ಎತ್ತಿ ರಸ್ತೆಗೆ ಹಾಕಿದ್ದಾರೆ. ದವಡೆಯ ಇನ್ನೊಂದು ಬದಿ, ತಲೆಬುರುಡೆ... ಏನೇನಿತ್ತೋ. ಈಗ ಅದರ ಮೇಲೆ ಮೋಟರ್‌ಸೈಕಲ್ಲು ಓಡುತ್ತಿವೆ.

ದೀಪಾಲಿ ಹೇಳಿದಳು, “ನಾ ಹೋಗಿ ಅಡ್ಡ ನಿಂತಿದ್ನಿ ಅಕ್ಕಾ. ಆ ಡ್ರೈವರ ಕೇಳ್ತಾನ, ಇಲ್ಲಿ ದೇವರ ಅದಾನೇನು ಅಂತ. ಇಲ್ಲ ಅಂದ್ನಿ. ಹಂಗಾರ ಬಾಜೂಕ ಸರೀರಿ ಅಂದ.”

“ಅದಾನ ಅನ್ನಬೇಕಿತ್ತ ನೀ.”

“ಅದೇ ತಪ್ಪಾತ ನೋಡ್ರಿ. ಒಂದಿಷ್ಟ ಅರಿಷಿಣ-ಕುಂಕುಮ ಹಚ್ಚಿದ್ರ ಊರ ಮಂದಿನೇ ಉಳಸ್ತಿದ್ರು.”

ಅವಳು ನಕ್ಕಳು. ನನಗೆ ಮೈ ಉರಿಯಿತು. ಬಸ್ಸಿನಲ್ಲಿ ಪಕ್ಕದ ಹೆಂಗಸು “ಕಾಯ ಝಾಲಂ ತಾಈ?” ಅಂತ ಕೇಳಿದಳು, ಏನಾಯಿತು ಅಂತ. ಏನಂತ ಹೇಳಲಿ. ಯಾರೋ ಸತ್ತರು ಅಂದೆ. ಪಾಪ, ಬಾಳೆಹಣ್ಣು ಕೊಟ್ಟಳು.

ಇನ್ನು ಮನೆಯಲ್ಲಿರುವ ಈ ಒಂದು ದವಡೆಯೇ ಗತಿ.

೬ ಜುಲೈ

ಎರಡನೆಯ ಹಲ್ಲು ಕಾಣಿಸಿತು. ಸವೆದ ಹಲ್ಲಿನ ಹಿಂದೆ ಇನ್ನೊಂದು, ಅದು ಹುಟ್ಟುವ ಮೊದಲೇ ಆನೆ ಸತ್ತಿದೆ. ಆನೆಯ ಹಲ್ಲು ಕೆಳಗಿಂದ ಮೇಲೆ ಬರುವುದಿಲ್ಲ. ಹಿಂದಿನದು ಮುಂದಿನದನ್ನು ತಳ್ಳಿಕೊಂಡು ಬರುತ್ತದೆ. ಆ ತಳ್ಳಾಟ ನಡುವೆಯೇ ನಿಂತಿದೆ, ನನ್ನ ಪತ್ರಾಶೆಡ್ಡಿನಲ್ಲಿ.

ಫೋಟೋ ಕಳಿಸಿದ್ದೆ. ಪುಣೆಯಲ್ಲಿ ಇಂಥದರ ಮೇಲೆಯೇ ಸಂಶೋಧನೆ ಮಾಡುವ ಹುಡುಗಿ ಪ್ರಿಯದರ್ಶನಿ ಫೋನು ಮಾಡಿದಳು. ಎರಡು ಹಲ್ಲೂ ದವಡೆಯಲ್ಲೇ ಕೂತಿದ್ದರೆ ಆನೆಯ ವಯಸ್ಸು ಹೇಳಬಹುದಂತೆ, ಜಾತಿಯನ್ನೂ. ಎಲುಬಿನಿಂದ ಬಿಡಿಸಬೇಡಿ, ಅವಸರ ಮಾಡಬೇಡಿ, ಅಂದಳು. ಆಗಸ್ಟ್ ಹದಿನೈದಕ್ಕೆ ಬರುತ್ತಾಳೆ. ಬರೆಯುವಾಗ ನನ್ನ ಹೆಸರು ಹಾಕುತ್ತಾಳಂತೆ. ತೆಗೆದವರು, ಸ್ವಚ್ಛ ಮಾಡಿದವರು: ನೂತನ.

ಅತ್ತೆಗೆ ಹೇಳಿದೆ. “ಪೇಪರ್‌ದಾಗ ಬರ್ತೈತೇನು?” ಅಂದರು. ಇಲ್ಲ ಅಂದೆ. ಮೆಂತ್ಯದ ಸೊಪ್ಪು ಸೋಸತೊಡಗಿದರು.

೧೩ ಜುಲೈ, ಭಾನುವಾರ

ಬಸದಿಗೆ ಮುನಿಮಹಾರಾಜರು ಬಂದಿದ್ದಾರೆ, ಚಾತುರ್ಮಾಸಕ್ಕೆ. ನಾಲ್ಕು ತಿಂಗಳು ಇಲ್ಲೇ. ಅತ್ತೆ ಹೀರಾಬಾಯಿಯವರ ಕಾಲು ನೆಲದ ಮೇಲಿಲ್ಲ. ದಿನಾ ಚೌಕಾ ಹಾಕುತ್ತಾರಂತೆ — ಮಡಿಯಲ್ಲಿ ಅಡಿಗೆ ಮಾಡಿ ಮಹಾರಾಜರ ಆಹಾರಕ್ಕೆ ಬಾಗಿಲಲ್ಲಿ ಕಾಯುವುದು. ಮಹಾರಾಜರು ಮನಸ್ಸಿನಲ್ಲೇ ಒಂದು ವಿಧಿ ಇಟ್ಟುಕೊಂಡು ಹೊರಡುತ್ತಾರೆ. ಇಂಥದು ಕಂಡ ಬಾಗಿಲಲ್ಲೇ ನಿಲ್ಲುವುದು ಅಂತ. ನಮ್ಮ ಬಾಗಿಲಲ್ಲಿ ಈವರೆಗೆ ಯಾವ ಮುನಿಯೂ ನಿಂತಿಲ್ಲ. ಅತ್ತೆಗೆ ಅದೊಂದು ಕೊರಗು.

ದಿನಕ್ಕೆ ಒಂದೇ ಸಲ ಉಣ್ಣುವವರು. ಉಣ್ಣುವಾಗ ಎಲುಬು ಕಂಡರೆ ಅಂತರಾಯ. ಕೈಯಲ್ಲಿನ ತುತ್ತು ಬಿಟ್ಟು ಎದ್ದುಹೋಗಬೇಕು. ನನಗೇನು ಇದು ಗೊತ್ತಿಲ್ಲವೇ? ನಾನೂ ದಾನೋಳಿಯ ಜೈನರ ಮನೆಯಲ್ಲೇ ಹುಟ್ಟಿದವಳು.

“ಅದನ್ನ ಮನಿಯಿಂದ ತಗೀ ನೂತನಾ.”

“ಟೆರೇಸಿನ ಮ್ಯಾಲ ಐತಿ ಅತ್ತಿ. ಚೌಕಾ ಕೆಳಗ. ಮಹಾರಾಜರು ಪತ್ರಾಶೆಡ್ಡಿಗೆ ಬರ್ತಾರೇನು?”

“ಎಲುಬಿನ ಮ್ಯಾಲ ಕೈ ಆಡಿಸಿದ ಕೈಲೆ ನೀ ಅಡಗಿ ಮಾಡ್ತೀ?”

“ಅದು ಎಲುಬಲ್ರಿ. ಕಲ್ಲಾಗೇತಿ.”

“ಪೂರಾ ಕಲ್ಲಾಗೇತೇನು?”

ಇಲ್ಲಿ ಸುಳ್ಳು ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ. “ಪೂರಾ ಇಲ್ಲ. ಅರ್ಧ ಕಲ್ಲು, ಅರ್ಧ ಎಲುಬು,” ಅಂದೆ.

“ಹಂಗಾರ ಅರ್ಧ ಅಶುದ್ಧ,” ಅಂದರು. ತೀರಿತು. ಸಾವಿರಾರು ವರ್ಷ ನದಿಯಲ್ಲಿ ತೊಳೆದದ್ದು ಅಶುದ್ಧವಂತೆ. ಈ ಮನೆಯಲ್ಲಿ ನನಗೊಂದು ಮೂಲೆ, ಅದೂ ಬಿಸಿಲಿಗೆ ಕಾಯುವ ಪತ್ರಾದ ಕೆಳಗೆ — ಅದನ್ನೂ ಕೇಳುತ್ತಾರೆ.

೨೨ ಜುಲೈ

ಸೋತೆ. ಒಂಬತ್ತು ದಿನ ಅತ್ತೆ ನನ್ನ ಕೈಯಿಂದ ನೀರು ಸಹ ಮುಟ್ಟಲಿಲ್ಲ. ಪಾರೀಸ ಇಬ್ಬರ ನಡುವೆ ಅಡಕತ್ತಿನ ಅಡಿಕೆಯಾಗಿದ್ದ, ನೋಡಲಾಗಲಿಲ್ಲ. ಗೋಕುಳ ಶಿರಗಾಂವದ ಫೌಂಡ್ರಿಯ ಆಫೀಸಿನಲ್ಲಿ ಕಪಾಟಿದೆ, ಅಲ್ಲಿಡೋಣ ಅಂದ. ಬೀಗ ಹಾಕುತ್ತಾನಂತೆ.

ಮರಳಿನ ಚೀಲ ಹೊಲಿದೆ. ಕೆಳಗೆ ಅದು, ಮೇಲೆ ಹತ್ತಿ, ಸುತ್ತ ಹಳೆಯ ದುಪ್ಪಟ್ಟಿ. ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು.

“ಯಾರೂ ಮುಟ್ಟಬಾರದ್ರಿ. ಬಿಚ್ಚಿ ಸುದ್ದಾ ನೋಡಬ್ಯಾಡ್ರಿ.”

“ನಾ ಅದೇನಿ. ಚಿಂತಿ ಮಾಡಬ್ಯಾಡ.”

ಒಳ್ಳೆಯವನು. ಅದೇ ಕಷ್ಟ. ಒಳ್ಳೆಯವರ ಮೇಲೆ ಸಿಟ್ಟು ಮಾಡಿದರೆ ನಾವೇ ಕೆಟ್ಟವರು.

೩೦ ಜುಲೈ

ದಿನಾ ಬೆಳಗ್ಗೆ ಚೌಕಾ. ದಿನಾ ಮಹಾರಾಜರು ನಮ್ಮ ಬಾಗಿಲು ದಾಟಿ ಹೋಗುತ್ತಾರೆ. ಮಾಡಿದ್ದನ್ನು ನಾವೇ ಉಣ್ಣುತ್ತೇವೆ, ಅತ್ತೆ ಕಣ್ಣೀರು ಹಾಕಿಕೊಂಡು. “ಇನ್ನs ಏನ ಕಮ್ಮಿ ಬಿತ್ತೋ,” ಅಂತ ನನ್ನ ಕಡೆ ನೋಡುತ್ತಾರೆ. ಇನ್ನೇನು ಬೇಕು ಇವರಿಗೆ, ನನ್ನ ಎಲುಬೇ?

ಪಾರೀಸನಿಗೆ ಕೇಳಿದೆ, ಹೇಗಿದೆ ಅಂತ.

“ಅಗದೀ ಚಲೋ ಐತಿ. ಸೋಮವಾರ ಕರಕೊಂಡ ಹೋಗಿ ತೋರಸ್ತೇನಿ.”

ಮುಖದಲ್ಲಿ ಹಬ್ಬ.

೪ ಆಗಸ್ಟ್, ಸೋಮವಾರ

ಹೋಯಿತು.

ಬರೆಯಲು ಆಗುತ್ತಿಲ್ಲ.

೫ ಆಗಸ್ಟ್

ಬರೆಯುತ್ತೇನೆ. ಬರೆಯದೇ ಬಿಟ್ಟರೆ ಇವರೆಲ್ಲ ಸೇರಿ ಏನೂ ಆಗಿಲ್ಲ ಅಂತ ಮಾಡಿಬಿಡುತ್ತಾರೆ.

ಫೌಂಡ್ರಿ ಬಂದ್ ಇತ್ತು. ಆಫೀಸಿನ ಟೇಬಲ್ಲಿನ ಮೇಲೆ ಹೊಸ ಟವೆಲ್ಲು ಹಾಸಿ, ಅದರ ಮೇಲೊಂದು ಬೂದುಬಣ್ಣದ ಗುಂಡು. ಪಾರೀಸ ಪಕ್ಕದಲ್ಲಿ ನಿಂತ, ಮದುವೆಯಲ್ಲಿ ನಿಂತ ಹಾಗೆ. ಇದೇನು ಅಂದೆ. ನಿಂದೇ ಅಂದ.

ಶಾಟ್ ಬ್ಲಾಸ್ಟ್ ಮಷೀನಿಗೆ ಹಾಕಿದ್ದಾನೆ. ಎರಕಕ್ಕೆ ಕಚ್ಚಿದ ಮರಳನ್ನು ಉಕ್ಕಿನ ಕಾಳು ಎರಚಿ ಕೀಳುತ್ತದಲ್ಲ, ಆ ಮಷೀನು. ಪಂಪಿನ ಬಾಡಿ ಸಾಫ್ ಮಾಡುವ ಮಷೀನು. ಅದರೊಳಗೆ ನನ್ನ ದವಡೆ.

“ಐದ ತಿಂಗಳಾತು, ಸೂಜೀಲೆ ಕೆರದು ಕೆರದು ಕಣ್ಣ ಹಾಳ ಮಾಡಕೊಳ್ಳಾಕತ್ತಿದ್ದಿ. ಭಾಳ ಹಗೂರ ಹಾಕಸೇನಿ, ಸಣ್ಣ ಕಾಳು. ಒಂದ ಮಿನಿಟ.”

ಬೀಡಿನಲ್ಲಿ ಮರಳು ಮೆತ್ತಗೆ, ಮಾಲು ಗಟ್ಟಿ. ಇದರಲ್ಲಿ ಉಲ್ಟಾ. ಗರಸು ಗಟ್ಟಿ, ಎಲುಬು ಮೆತ್ತಗೆ. ಉಕ್ಕಿನ ಕಾಳಿಗೆ ಏನು ಗೊತ್ತು? ಎಲುಬೆಲ್ಲ ಹಾರಿಹೋಗಿ ಗರಸು ನಿಂತಿದೆ. ಹುಟ್ಟದ ಹಲ್ಲು ಇದ್ದ ಕಡೆ ಒಂದು ಖಾಲಿ ಕುಣಿ. ಸವೆದ ಹಲ್ಲಿನ ನಾಲ್ಕು ಚಕ್ಕೆ ಮಷೀನಿನ ತಳದಲ್ಲಿ ಸಿಕ್ಕವಂತೆ, ಚಹಾದ ಕಪ್ಪಿನಲ್ಲಿ ಹಾಕಿ ಇಟ್ಟಿದ್ದಾನೆ.

ನಾನು ಕಿರುಚಿದೆ. ವಾಚ್‌ಮನ್ ತಾನಾಜಿ ಓಡಿಬಂದ. ಇನ್ನೊಮ್ಮೆ ಕಿರುಚಿದೆ.

“ಸಾರಿ,” ಅಂದ ಪಾರೀಸ. ಚಹಾ ಚೆಲ್ಲಿದವರು ಅಂದ ಹಾಗೆ. ಆಮೇಲೆ ಅತ್ತ. ಅಳಲಿ. ನಾನು ಎಸ್.ಟಿ. ಹಿಡಿದು ಮನೆಗೆ ಬಂದೆ.

ಪ್ರಿಯದರ್ಶನಿಗೆ ಫೋನು ಮಾಡಿದೆ. ಎರಡೂ ಹಲ್ಲು ಹೋದವೇ ಅಂತ ಕೇಳಿದಳು. “ಮಗ ಮೀ ಯೇತ ನಾಹೀ ತಾಈ,” ಅಂದಳು. ಹಾಗಾದರೆ ತಾನು ಬರುವುದಿಲ್ಲ ಅಂತ. ಸರಿಯೇ, ಬಂದು ಏನು ನೋಡುತ್ತಾಳೆ, ಕುಣಿಯನ್ನೇ?

ಅತ್ತೆ ಬೆನ್ನ ಮೇಲೆ ಕೈ ಇಟ್ಟರು. “ಹೋಗ್ಲಿ ಬಿಡವ್ವ. ಒಂದ ಕಲ್ಲಿಗೆ ಇಷ್ಟ ಯಾಕ?”

ಕೇಳಿದಿರಾ. ಮನೆಯಲ್ಲಿದ್ದಾಗ ಎಲುಬು. ಹಾಳಾದ ಮೇಲೆ ಕಲ್ಲು.

೧೦ ಆಗಸ್ಟ್, ಭಾನುವಾರ. ಸಂಜೆ

ಬೆಳಗ್ಗೆ ಅತ್ತೆ ಅಂದರು, ಜೋಡಿ ನಿಂದ್ರಬೇಕು, ಗಂಡಹೆಂಡತಿ. ಇವತ್ತಾದರೂ ವಿಧಿ ಸಿಗಬಹುದು. ಆರು ದಿನದಿಂದ ಪಾರೀಸನ ಜೊತೆ ಮಾತಿಲ್ಲ. ಆದರೂ ಮಡಿ ಸೀರೆ ಉಟ್ಟೆ. ಕಲಶ ಹಿಡಿದು ಪಕ್ಕದಲ್ಲಿ ನಿಂತೆ. ಓಣಿಯಲ್ಲಿ ಮಗ್ಗಗಳ ಸದ್ದು.

ಮಹಾರಾಜರು ಬಂದರು. ಬಲಗೈ ಹೆಗಲ ಮೇಲೆ, ಎಡಗೈಯಲ್ಲಿ ನವಿಲುಗರಿಯ ಪಿಂಛಿ. ನಮ್ಮ ಬಾಗಿಲಿಗೆ ಬಂದು, ನಿಂತರು.

ಅತ್ತೆಯ ಉಸಿರು ನಿಂತದ್ದು ನನಗೆ ಕೇಳಿಸಿತು. “ನಮೋಸ್ತು, ನಮೋಸ್ತು, ನಮೋಸ್ತು. ಅತ್ರ ತಿಷ್ಠ, ತಿಷ್ಠ.” ಮೂರು ಸುತ್ತು ಬಂದೆವು. ಇನ್ನು ಒಂದೇ ಮಾತು. ಒಳಗೆ ಕರೆಯುವ ಮೊದಲು ಕೊಡುವವರು ಹೇಳಬೇಕಾದ ಮಾತು.

“ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧ,” ಅತ್ತೆ ಅಂದರು. ಪಾರೀಸ ಅಂದ. ನನ್ನ ಸರದಿ.

ಚಿಕ್ಕಂದಿನಿಂದ ಎಷ್ಟು ಸಲ ಅಂದಿದ್ದೇನೆ, ದಾನೋಳಿಯಲ್ಲಿ, ಅವ್ವನ ಸೆರಗು ಹಿಡಿದು. ನಾಲಿಗೆಯ ತುದಿಯಲ್ಲೇ ಇದೆ. ಅಂದುಬಿಟ್ಟರೆ ಮುಗಿಯಿತು. ಪಾರೀಸ ಮೊಣಕೈ ತಗುಲಿಸಿದ.

“ನಂದು ಮನ ಶುದ್ಧಿ ಇಲ್ರಿ ಮಹಾರಾಜ,” ಅಂದೆ.

ಅವರು ನನ್ನನ್ನು ನೋಡಿದರು. ಸಿಟ್ಟಿಲ್ಲ, ಏನೂ ಇಲ್ಲ. ತಿರುಗಿ ನಡೆದರು. ಮುಂದೆ ಎಲ್ಲಿಯೂ ವಿಧಿ ಸಿಗಲಿಲ್ಲವಂತೆ. ಇವತ್ತು ಅವರಿಗೆ ಉಪವಾಸ. ಅದಕ್ಕೂ ನನಗೆ ಸಿಟ್ಟೇ. ನನ್ನ ಉರಿ ಈ ಮನೆಯವರ ಮೇಲೆ, ಹಸಿದು ಉಳಿದವರು ಮಹಾರಾಜರು.

ಪಾರೀಸ ಆರು ದಿನದ ಮಾತೆಲ್ಲ ಒಂದೇ ಸಲ ಆಡಿದ. “ಸುಳ್ಳರ ಹೇಳಬೇಕಿತ್ತಿಲ್ಲ? ಅವ್ವನ ಮಾರಿ ನೋಡಿದೇನು?”

“ಸುಳ್ಳ ಹೇಳಿದ್ರ ವಚನ ಶುದ್ಧಿನೂ ಹೋಗ್ತಿತ್ತು,” ಅಂದೆ.

ಅತ್ತೆ ಅಡಿಗೆಮನೆಯ ಬಾಗಿಲು ಹಾಕಿಕೊಂಡರು. ಉಣ್ಣಲಿಲ್ಲ.

೧೧ ಆಗಸ್ಟ್, ಸೋಮವಾರ

ಅತ್ತೆ ಟೆರೇಸಿಗೆ ಬಂದರು. ಮೊಣಕಾಲು ನೋವು ಅಂತ ಎಂದೂ ಹತ್ತದವರು. ಪತ್ರಾಶೆಡ್ಡಿನಲ್ಲಿ ಖಾಲಿ ಮರಳುಚೀಲ, ಸೂಜಿಗಳು. ಬೈಯಲು ಬಂದಿದ್ದಾರೆ ಅಂದುಕೊಂಡು ನಾನೂ ತಯಾರಾದೆ.

ಸ್ಟೂಲಿನ ಮೇಲೆ ಕೂತರು. “ನಿನ್ನಿ ನೀ ಒಬ್ಬಾಕಿ ಖರೇ ಹೇಳಿದಿ. ನಾನೂ ಹೇಳಬೇಕಿತ್ತು. ನನ್ನ ಮನಸರ ಎಲ್ಲಿ ಶುದ್ಧಿತ್ತು?”

“ಏನಾತ್ರಿ?”

“ಪಾರೀಸಗ ನಾನೇ ಹೇಳಿದ್ದೆ. ನೀ ಅಂದಿದ್ದೆಲ್ಲ, ಅರ್ಧ ಕಲ್ಲು ಅರ್ಧ ಎಲುಬು ಅಂತ. ಆ ಎಲುಬ ಅಷ್ಟ ಮಷೀನಿಗೆ ಹಾಕಿ ತಗದುಬಿಡು, ಕಲ್ಲ ಉಳದದ್ದ ತಂದ ಕೊಡು, ಆಕೀ ಮನಿಯಾಗs ಇಟಗೊಂಡ ಕೂಡ್ಲಿ ಅಂದೆ. ನಿನಗೂ ಸಮಾಧಾನ, ನನಗೂ ಸಮಾಧಾನ ಅಂತ.”

ಖಾಲಿ ಮರಳುಚೀಲವನ್ನು ಆಚೆ ಸರಿಸಿದೆ.

“ಅಂವಗ ಗೊತ್ತಿತ್ತೇನ್ರಿ? ಎಲುಬು ಹೋಗ್ತೈತಿ ಅಂತ?”

“ಎಲುಬ ತಗೀಬೇಕಂತನೇ ಹಾಕಿದ್ದವ್ವ. ಹಲ್ಲ ಹೋಗ್ತಾವಂತ ಗೊತ್ತಿರಲಿಲ್ಲ. ನನ್ನ ಹೆಸರ ಹೇಳಬ್ಯಾಡ ಅಂದಿದ್ದೆ. ಹೇಳಲಿಲ್ಲ ಅಂವ.”

ನನ್ನ ಕಣ್ಣು ಉಳಿಯಲಿ ಅಂತ ಹಾಕಿದ್ದಲ್ಲ. ನನ್ನ ಕೆಲಸ ಹಗುರವಾಗಲಿ ಅಂತಲೂ ಅಲ್ಲ. ಅವ್ವನಿಗೆ ಶುದ್ಧ, ಹೆಂಡತಿಗೆ ಕಲ್ಲು — ಒಂದೇ ಮಿನಿಟಿನಲ್ಲಿ ಇಬ್ಬರನ್ನೂ ಸಂತೋಷಪಡಿಸಲು ಹೋಗಿದ್ದಾನೆ. ನಾನು ಸೂಜಿಯಿಂದ ಉಳಿಸುತ್ತಿದ್ದದ್ದು ಯಾವುದೋ ಅದನ್ನೇ ಕೆರೆದು, ಟವೆಲ್ಲು ಹಾಸಿ ಕೊಟ್ಟಿದ್ದಾನೆ.

ಅತ್ತೆ ಅಳುತ್ತಿದ್ದಾರೆ. ಕೆಟ್ಟದ್ದು ಮಾಡಬೇಕು ಅಂತ ಇವರಿಬ್ಬರಲ್ಲಿ ಯಾರೂ ಮಾಡಲಿಲ್ಲ, ಅದೂ ಗೊತ್ತು. ಗೊತ್ತಿದ್ದು ಏನು ಮಾಡಲಿ. ಐದು ತಿಂಗಳು ಇವರ ತಲೆಯ ಮೇಲೇ, ಟೆರೇಸಿನಲ್ಲೇ ಕೂತಿದ್ದೆ, ಒಂದು ಮೆಟ್ಟಿಲು ಸಾಲು ಹತ್ತಿದರೆ ಸಿಗುತ್ತಿದ್ದೆ. ಯಾವುದನ್ನು ತೆಗೆಯಬೇಕು, ಯಾವುದನ್ನು ಇಡಬೇಕು ಅಂತ ನನ್ನನ್ನು ಒಬ್ಬರೂ, ಒಂದು ಸಲವಾದರೂ ಕೇಳಲಿಲ್ಲ.