ಗಟ್ಟಿಗಿತ್ತಿಯ ಬೆರಳು

ಮಗಳೇ,

ಹಾಗೆ ಕರೆಯುವ ಹಕ್ಕು ನನಗೆ ಉಳಿದಿಲ್ಲ. ಈ ಕಾಗದ ನಿನಗೆ ತಲುಪುವುದಿಲ್ಲವಲ್ಲ, ಅದಕ್ಕೇ ಕರೆಯುತ್ತಿದ್ದೇನೆ.

ಇವತ್ತು ನನ್ನ ಹೊಲಿಗೆ ಅಂಗಡಿಗೆ ಬಂದಿದ್ದ ಹೆಂಗಸೊಬ್ಬರ ಮಗುವಿಗೆ ಗುಂಡುಸೂಜಿ ಚುಚ್ಚಿತು. ಒಂದು ಹನಿ ರಕ್ತ, ಅಷ್ಟೇ. ಮಗು ಬೀದಿಗೆಲ್ಲ ಕೇಳುವಂತೆ ಅರಚಿ ಅಮ್ಮನ ಮಡಿಲಿಗೆ ಓಡಿತು.

"ಮಹಾ ಅಳುಬುರುಕಿ ಇವಳು, ಬೇಜಾರು ಮಾಡ್ಕೋಬೇಡಿ," ಎಂದು ಆಕೆ ನಕ್ಕರು.

ನೀನು ಅನಾಥಾಲಯದಿಂದ ನಮ್ಮ ಮನೆಗೆ ಬಂದ ಹೊಸತರಲ್ಲಿ ಕತ್ತರಿಯಿಂದ ಬೆರಳು ಕೊಯ್ದುಕೊಂಡಿದ್ದೆ. ಯಾರನ್ನೂ ಕೂಗದೆ, ಚಿಂದಿ ಸುತ್ತಿಕೊಂಡು ಹೊಲಿಗೆ ಮಿಷನ್ನಿನ ಹಿಂದೆ ಕೂತಿದ್ದೆ. "ನಮ್ಮ ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರು ಹಾಕಲಿಲ್ಲ," ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗಿದೆ.

"ಅತ್ತರೂ ಯಾರೂ ಬರಲ್ಲ ಅಂತ ಕಲಿತುಬಿಟ್ಟಿದ್ದಾಳೆ. ನಿಮ್ಮನ್ನ ನಂಬೋಕೆ ವರ್ಷಗಳೇ ಬೇಕು, ಕಾಯಿರಿ," ಎಂದು ಆಮೇಲೆ ನಿನ್ನನ್ನು ನೋಡಿದ ಮಕ್ಕಳ ಡಾಕ್ಟರು ತಿಳಿಹೇಳಿದರು. ನಾವು ಮುಟ್ಟಿದರೆ ನೀನು ಕಚ್ಚುತ್ತಿದ್ದೆ, ದಾರಿಹೋಕರ ಕೈಹಿಡಿದು ಹೊರಟುಬಿಡುತ್ತಿದ್ದೆ. ನಿನ್ನಪ್ಪನೂ ನಾನೂ ಒಬ್ಬರೊಡನೊಬ್ಬರು ಮಾತು ಬಿಟ್ಟಿದ್ದೆವು. ನಮಗೆ ಕಾಯಲು ಆಗಲಿಲ್ಲ.

ಅದೇ ಅನಾಥಾಲಯದ ಬಾಗಿಲಲ್ಲಿ ನಿನ್ನನ್ನು ಮತ್ತೆ ಬಿಟ್ಟು ಬಂದ ದಿನವೂ ನೀನು ಅಳಲಿಲ್ಲ.

"ನೋಡು, ಅವಳಿಗೆ ಏನೂ ಅನ್ನಿಸ್ತಾನೇ ಇಲ್ಲ," ಎಂದರು ನಿನ್ನಪ್ಪ.

ಡಾಕ್ಟರ ಮಾತು ನೆನಪಿದ್ದೂ ನಾನು ಹೂಂ ಅಂದೆ.