ಗೆಜ್ಜೆ ಕಣ್ಣಿಗೊತ್ತಿಕೊಂಡ ದಿನ

ಮಾಟುಂಗ, ಮುಂಬಯಿ
೧೪ ನವೆಂಬರ್ ೧೯೫೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಚಳಿ ಶುರುವಾಯಿತು, ಎಣ್ಣೆ ಹಚ್ಚಿಕೊಳ್ಳಲು ಸೋಮಾರಿತನ ಮಾಡಬೇಡ. ನೀರಿನ ಕೊಡವನ್ನು ನೀನೇ ಹೊರುತ್ತೀಯೆಂದು ನನಗೆ ಗೊತ್ತು, ಹೇಳಿದರೆ ಕೇಳುವವಳೇ ಅಲ್ಲ. ನಾವೆಲ್ಲ ಆರಾಮ ಇದ್ದೇವೆ. ಇವರಿಗೆ ಅಂಧೇರಿಯ ಒಂದು ಸ್ಟುಡಿಯೋದಲ್ಲಿ ಹೊಲಿಗೆಯ ಕೆಲಸ ಸಿಕ್ಕಿದೆ. ಪೇಶ್ವೆಯರ ಕಾಲದ ಒಬ್ಬ ನಾಯಕಸಾನಿಯ ಮೇಲೆ ಸಿನಿಮಾ ತೆಗೆಯುತ್ತಿದ್ದಾರೆ. ಅದರ ಲಂಗಗಳೆಲ್ಲ ಇವರ ಮಷೀನಿನಲ್ಲೇ ಹೊಲಿದದ್ದು.

ನಗು ಬರುವ ಸಂಗತಿ ಕೇಳು. ಕಥೆ ನಾಯಕಸಾನಿಯದು, ಆದರೆ ಹಾಡುವ ಕುಣಿಯುವ ಮನೆತನದ ಒಬ್ಬಳೂ ಗೇಟಿನ ಒಳಗೆ ಬರಕೂಡದೆಂದು ದುಡ್ಡು ಹಾಕಿದ ಸೇಠನ ಕಟ್ಟಪ್ಪಣೆ. ಹಿಂದೆ ಕೂರುವ ಸಖಿಯರೂ ಮರ್ಯಾದಸ್ಥರೇ ಆಗಬೇಕಂತೆ. ಹೀಗಾಗಿ ನಮ್ಮ ಚಾಳಿನಿಂದ ಉಡುಪಿಯ ವಿನೋದಿನಿಯನ್ನೂ ನನ್ನನ್ನೂ ಕರೆದರು. ನಾನು ಮರ್ಯಾದಸ್ಥ ಟೇಲರನ ಹೆಂಡತಿ ನೋಡು. ನಾನು ಯಾರ ಮಗಳೆಂದು ಅತ್ತೆಯ ಕಿವಿಗೆ ಬಿದ್ದರೆ ಗತಿಯೇನೆಂಬ ಅಂಜಿಕೆ ಇತ್ತು. ಆದರೂ ಹಾಡು ನಡೆಯುವ ಕಡೆ ಸುಮ್ಮನೆ ಕೂತಿರುವ ಆಸೆಯಿಂದ ಹೋದೆ.

ಅಲ್ಲೇ ಎಡವಟ್ಟಾಯಿತು. ನಾಯಕಿಯ ಗೆಜ್ಜೆಗಳನ್ನು ಯಾರೋ ಚಪ್ಪಲಿಗಳ ನಡುವೆ ಬಿಸಾಕಿದ್ದರು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಎತ್ತಿ ಕಣ್ಣಿಗೊತ್ತಿಕೊಂಡು, ನೆಲ ಮುಟ್ಟಿ ನಮಸ್ಕರಿಸಿ, ಚಿಕ್ಕಂದಿನಲ್ಲಿ ನಿನಗೆ ಕಟ್ಟುತ್ತಿದ್ದ ಹಾಗೆಯೇ ಅವಳಿಗೆ ಬಲಗಾಲು ಮೊದಲು ಹಿಡಿದು ಕಟ್ಟಿದೆ. ತಲೆ ಎತ್ತಿದರೆ ಎಲ್ಲರ ಕಣ್ಣೂ ನನ್ನ ಮೇಲೆ. ಯಾರ ಮಗಳು ನೀನು ಎಂದು ಡೈರೆಕ್ಟರು ಕೇಳಿದರು. “ನನ್ನ ಹೆಸರು ಎಲ್ಲೂ ಎತ್ತಬ್ಯಾಡ, ನಿನ್ನ ಬಾಳೇವು ಕೆಡತೈತಿ” ಎಂದು ನೀನು ಹೇಳಿ ಕಳಿಸಿದ್ದು ನೆನಪಿತ್ತು, ಅವ್ವಾ. ಆದರೆ ಅಷ್ಟು ಜನರೆದುರು ತಾಯಿಯೇ ಇಲ್ಲದವಳ ಹಾಗೆ ನಿಲ್ಲಲು ಆಗಲಿಲ್ಲ. ಧಾರವಾಡದ ಚಂದ್ರವ್ವನ ಮಗಳು, ನಮ್ಮವ್ವ ಹಾಡುವವಳು, ಕುಣಿಯುವವಳು ಎಂದುಬಿಟ್ಟೆ.

ಸೇಠನ ಮ್ಯಾನೇಜರು ನನ್ನನ್ನು ಹೊರಗೆ ಹಾಕಲು ಬಂದ. ನಾಯಕಿ ದೊಡ್ಡ ಮನೆಯ, ಕಾಲೇಜು ಓದಿದ ಹುಡುಗಿ. ಇವಳು ಹೋದರೆ ನಾನೂ ಹೋದೆ ಎಂದು ನನ್ನ ಕೈ ಹಿಡಿದು ಪಕ್ಕದಲ್ಲೇ ಕೂರಿಸಿಕೊಂಡಳು. ಅವಳ ಹೊಟ್ಟೆ ತಣ್ಣಗಿರಲಿ. ಕಥೆಯಲ್ಲಿ ತಾಯಿಯು ಮಗಳನ್ನು ಸರದಾರನಿಗೆ ಮಾರುತ್ತಾಳೆ. ನಮ್ಮವ್ವ ನನ್ನನ್ನು ಮಾರಲಿಲ್ಲ, ಹಾಡು ಕಲಿಸಿದಳು, ಶಾಲೆಗೆ ಕಳಿಸಿದಳು ಎಂದು ಡೈರೆಕ್ಟರಿಗೆ ಹೇಳಿದೆ. ಮಾರುವುದನ್ನು ಅವರು ಬಿಡಲಿಲ್ಲ. ಅದಕ್ಕೆ ಮುಂಚೆ ತಾಯಿ ಹಾಡು ಕಲಿಸುವ ಒಂದು ದೃಶ್ಯ ಸೇರಿಸಿದ್ದಾರೆ. ಅಷ್ಟಾದರೂ ಆಯಿತಲ್ಲ.

ಸುದ್ದಿ ನನಗಿಂತ ಮೊದಲೇ ಚಾಳು ಮುಟ್ಟಿತ್ತು, ವಿನೋದಿನಿಯ ಬಾಯಲ್ಲಿ ಏನು ನಿಂತೀತು? ಇವರಿಗೆ ಮೊದಲಿನಿಂದ ಎಲ್ಲ ಗೊತ್ತು. ಅತ್ತೆ ಮಾತ್ರ, ಹಾಸಿಗೆ ಹಿಡಿದದ್ದಕ್ಕೆ ನೀನು ಮದುವೆಗೆ ಬರಲಿಲ್ಲವೆಂಬ ಮಾತನ್ನೇ ನಂಬಿದ್ದರು. ಎರಡು ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆ ಅತ್ತೆ ತಾವಾಗಿಯೇ ಒಲೆಯ ಮುಂದೆ ಬಂದು ಕೂತರು. “ಹಂಗಾರ ನಿಮ್ಮವ್ವ ಗಟ್ಟಿಮುಟ್ಟ ಅದಾಳು?” ಎಂದು ಕೇಳಿದರು. ಹೌದೆಂದೆ. “ಜಡ್ಡಾದರೇನಾತು, ಒಮ್ಮಿನೂ ಮಗಳ ಮನಿ ಕಡೆ ಹಾಯಲಿಲ್ಲ, ಎಂಥಾ ಸೊಕ್ಕಿನ ಬೀಗತಿ ಅಂತ ಬೈಕೋತ ಇದ್ದೆ. ಆಕಿ ನನಗ ಅಂಜಿ ಕುಂತಾಳಂತ ನನಗೇನ ಗೊತ್ತು?” ಎಂದು ತಟ್ಟೆ ಮುಂದೆ ಹಿಡಿದರು. ನನಗೆ ಅಳು ತಡೆಯಲಾಗಲಿಲ್ಲ. ಒಂದು ರೊಟ್ಟಿ ಸೀದುಹೋಯಿತು, ಅದನ್ನೂ ತಿಂದರು.

ಇದನ್ನು ನಿನಗೆ ಓದಿ ಹೇಳುತ್ತಿರುವ ಮುರಿಗೆಪ್ಪ ಮಾಸ್ತರರಿಗೆ ನನ್ನ ಶರಣು. ನಿನ್ನ ಪಾದಕ್ಕೆ ತಲೆಯಿಟ್ಟು,

ಚಂದ್ರವ್ವನ ಮಗಳು
ಮೋಹಿನಿ

ತಾ.ಕ.: ಪೋಸ್ಟಿಗೆ ಹಾಕಲು ಹೊರಟವಳನ್ನು ಅತ್ತೆ ಬಾಗಿಲಲ್ಲೇ ನಿಲ್ಲಿಸಿದರು. ದಾದರಿಗೆ ಹೋಗಿ ನಿನ್ನ ಕುಪ್ಪಸಕ್ಕೆಂದು ಖಣ ತಂದಿದ್ದಾರೆ. ಬೀಗತಿಗೆ ಉಡಿ ತುಂಬುವುದು ಮದುವೆಯಲ್ಲೇ ಆಗಬೇಕಿತ್ತು, ಉಳಿದುಹೋಗಿದೆ ಎನ್ನುತ್ತಾರೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: “ಸಂಕ್ರಾಂತಿಗಿ ಬಾ. ಕತ್ತಲಾಗ ಬರಬ್ಯಾಡ, ಹಗಲಾಗ ಬಾ. ಚಾಳಿನ ಮಂದಿ ಎಲ್ಲಾರನೂ ಕರದು, ಅವರ ಮುಂದನ ನಿನ್ನ ಉಡಿ ತುಂಬತೀನಿ.”