ಹಳದಿ ಚುಕ್ಕೆಯ ರೇಡಿಯೋ

ಬ್ರೂಸ್‌ಪೇಟೆ, ಬಳ್ಳಾರಿ
೧೨-೯-೧೯೭೯

ಪ್ರೀತಿಯ ಅಪ್ಪಾ,

ನಿನ್ನ ಮಗಳು ಸುವರ್ಣಾಳ ಶರಣು. ಸೊಂಟದ ನೋವು ಹೇಗಿದೆ? ಅಮ್ಮ ಹೊಲಿದುಕೊಟ್ಟ ದಿಂಬು ಲಾರಿಯ ಸೀಟಿನ ಮೇಲಿದೆಯೋ, ಹಿಂದೆ ಅದಿರಿನ ಧೂಳಿನಲ್ಲಿ ಬಿದ್ದಿದೆಯೋ? ಮದ್ರಾಸಿನ ನೀರನ್ನು ಕಾಯಿಸಿ ಕುಡಿ. ಇಲ್ಲಿ ಎಲ್ಲರೂ ಆರೋಗ್ಯ, ನನ್ನ ತಲೆಯೊಂದನ್ನು ಬಿಟ್ಟು.

ನನಗೆ ನೋಡಿರುವ ಸಿರುಗುಪ್ಪದ ವರನಿಗೆ ಕೊಡಲು ಮದ್ರಾಸಿನ ದೊಡ್ಡ ಅಂಗಡಿಯಲ್ಲಿ ನವರಾಗ ರೇಡಿಯೋ ನೋಡಿಟ್ಟಿದ್ದೇನೆ ಎಂದು ಬರೆದಿದ್ದೀ. ಓದಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಕೊಳಗಲ್ಲು ರಸ್ತೆಯ ಷೆಡ್ಡಿಗೆ ರೇಡಿಯೋ ಕೆಲಸಕ್ಕೆ ಹೋಗುತ್ತೇನೆ ಎಂದಷ್ಟೇ ನಿನಗೆ ಗೊತ್ತು. ಯಾವ ರೇಡಿಯೋ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನವರಾಗವೇ ಅಪ್ಪಾ. ಬಿಡಿ ಭಾಗಗಳು ಪಾರ್ಸೆಲ್ಲಿನಲ್ಲಿ ಬರುತ್ತವೆ. ಬೆಸುಗೆ ಹಾಕುವವರು, ಸ್ಟೇಷನ್ ಹಿಡಿಸಿ ನೋಡುವವರು, ಡಬ್ಬಿ ಮುಚ್ಚುವವರು ಎಲ್ಲ ನಾವೇ. ಕಡೆಗೆ ಬೊಂಬಾಯಿ ಕಂಪನಿಯವನು ಬಂದು ಹೆಸರಿನ ಪಟ್ಟಿ ಅಂಟಿಸಿಕೊಂಡು ಹೋಗುತ್ತಾನೆ. ನೀನು ಯೂನಿಯನ್ ಆಫೀಸಿನಿಂದ ತಂದುಕೊಟ್ಟ ಕರಪತ್ರಗಳಲ್ಲಿ ದುಡಿಮೆ ಯಾರದು, ಹೆಸರು ಯಾರದು ಎಂಬ ಮಾತು ಓದುವಾಗಲೆಲ್ಲ ನನಗೆ ಆ ಪಟ್ಟಿಯೇ ಕಣ್ಣಿಗೆ ಬರುತ್ತದೆ.

ಹೋದ ಸೋಮವಾರ ವರನ ಕಡೆಯವರು ಮಾತುಕತೆಗೆ ಬಂದಿದ್ದರು. ವರನ ಸೋದರಮಾವ ದೊಡ್ಡಬಸಪ್ಪನವರು ಚರ್ಮದ ಚೀಲದಲ್ಲಿ ಹೆಗಲಿಗೆ ನವರಾಗ ನೇತು ಹಾಕಿಕೊಂಡೇ ಬಂದರು. ಚಾ ಕುಡಿಯುವಾಗಲೂ ಇಳಿಸಲಿಲ್ಲ. "ನೋಡ್ರಿ, ಇದು ಬೊಂಬಾಯಿ ಮಾಲು. ಹುಡುಗಗ ಇಂಥದ್ದೇ ಆಗ್ಬೇಕು. ನಮ್ಮ ಕಡಿ ಮಂದಿಗಿ ಇದರ ತಿರುಪು ಹಾಕಾಕೂ ಬರಾಂಗಿಲ್ಲ" ಎಂದು ಡಬ್ಬಿಯ ಬೆನ್ನು ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಸ್ವಲ್ಪ ಕೊಡ್ರಿ ಎಂದು ಇಸಿದುಕೊಂಡು ನಾಲ್ಕಾಣೆ ಬಿಲ್ಲೆಯಿಂದ ಹಿಂಬದಿ ಬಿಚ್ಚಿದೆ. ನಮ್ಮ ಷೆಡ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಕೆಟ್ಟು ವಾಪಸ್ ಬಂದರೆ ಯಾರ ಬೆಸುಗೆ ಎಂದು ತಿಳಿಯಲು ಒಳಗೆ ಚುಕ್ಕೆ ಇಡಬೇಕು. ನನ್ನದು ಹಸಿರು. ಅದರಲ್ಲಿ ಹಳದಿ ಇತ್ತು. "ಇದು ನನ್ನ ಪಕ್ಕ ಕೂಡ್ರೋ ಚನ್ನವೀರಮ್ಮ ಮಾಡಿದ್ದು" ಅಂದೆ.

ಮಾವನವರು ಬೆತ್ತಲೆ ಡಬ್ಬಿಯನ್ನು ಟವೆಲಿನಿಂದ ಮುಚ್ಚಿದರು, ಯಾರದೋ ಮಾನ ಮುಚ್ಚಿದ ಹಾಗೆ. ವರನ ತಾಯಿ ಮಾತ್ರ ಅಮ್ಮನ ಕಡೆ ತಿರುಗಿ, "ಹುಡುಗಿ ಮನ್ಯಾಗ ಕಸೂತಿ ಹಾಕ್ತಾಳಂದ್ರಲ್ರೀ ಕೊಟ್ರಮ್ಮ? ಷೆಡ್ಡಿಗಿ ಕೂಲಿಗಿ ಹೋಗ್ತಾಳೇನ್ರಿ?" ಎಂದರು. ಅಮ್ಮ ಹಾಗೆ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಅವರು ಹೋದ ಮೇಲೆ "ಆ ಡಬ್ಬಿ ಜೊತಿ ನನ್ನ ಮರ್ಯಾದಿನೂ ಬಿಚ್ಚಿದೆಲ್ಲೇ" ಎಂದು ಬೈದಳು. ಆ ಮಾತು ಇನ್ನೂ ಚುಚ್ಚುತ್ತಿದೆ.

ನಿನ್ನೆ ಅವರಿಂದ ಮಾತು ಬಂತು. ಹುಡುಗಿ ಒಪ್ಪಿಗೆಯಂತೆ. ಆದರೆ ಷೆಡ್ಡು ಬಿಡಬೇಕು, ಇನ್ನು ಯಾರ ಮುಂದೆಯೂ ಆ ಮಾತು ಎತ್ತಬಾರದು, ಹುಡುಗನಿಗೆ ಅಸಲಿ ನವರಾಗವೇ ಆಗಬೇಕು. ಅಸಲಿ! ಅಮ್ಮ ಹೂಂ ಅಂದಳು. ಷೆಡ್ಡಿನಲ್ಲಿ ಯಜಮಾನ ಚಂದ್ರಣ್ಣನ ಕಿವಿಗೂ ಸುದ್ದಿ ಬಿದ್ದಿದೆ. ಎಲ್ಲಿ ಮಾಡಿದ್ದೆಂದು ಹೊರಗೆ ಹೇಳಬಾರದೆಂಬುದು ಕಂಪನಿಯ ಷರತ್ತು. "ಬೊಂಬಾಯಿಯವ್ರು ಆರ್ಡರ್ ನಿಲ್ಸಿದ್ರ ಇಷ್ಟು ಹೆಣ್ಮಕ್ಳು ಎಲ್ಲಿಗಿ ಹೋಗ್ಬೇಕವ್ವ? ತಮಾಷಿಗಿ ಅಂದೆ ಅಂತ ಹೇಳಿ ಬಾ" ಎಂದ. ಅವನಿಗೆ ಎದುರಾಡಲು ಒಂದು ಕರಪತ್ರವೂ ನೆನಪಾಗಲಿಲ್ಲ. ಚನ್ನವೀರಮ್ಮ ತಲೆ ಎತ್ತದೆ ಬೆಸುಗೆ ಹಾಕುತ್ತಿದ್ದಳು. ಅವಳ ಮನೆ ನಡೆಯುವುದು ಅದರಿಂದಲೇ. ನಾನು ಸುಳ್ಳು ಹೇಳಿದರೆ ಅವಳು ಉಳಿಯುತ್ತಾಳೆ, ಮದುವೆಯೂ ಉಳಿಯುತ್ತದೆ. ಆದರೆ ಅವಳು ಮಾಡಿದ್ದನ್ನು ಅವಳು ಮಾಡಿಲ್ಲವೆಂದು ನಾನು ಹೇಗೆ ಹೇಳಲಿ? ರಾತ್ರಿಯೆಲ್ಲ ಇದೇ.

ಹಾದಿಯಲ್ಲಿ ನಿದ್ದೆ ಬಂದರೆ ಲಾರಿ ನಿಲ್ಲಿಸು. ಗುರುವಿನ ದಯೆ ನಿನ್ನ ಮೇಲಿರಲಿ.

ನಿನ್ನ
ಸುವರ್ಣಾ

ತಾ.ಕ. (ಮರುದಿನ): ಅಂಚೆ ಎತ್ತುವ ಹೊತ್ತಾಯಿತು. ಚಂದ್ರಣ್ಣನಿಗೆ ಇನ್ನು ಬಾಯಿ ಬಿಡುವುದಿಲ್ಲ ಎಂದೆ, ತಮಾಷೆ ಎನ್ನಲು ಮಾತ್ರ ಒಪ್ಪಲಿಲ್ಲ. ಈ ಸಂಬಂಧ ನನಗೆ ಬೇಡವೆಂದು ಇವತ್ತು ಬೆಳಿಗ್ಗೆ ನಾನೇ ಸಿರುಗುಪ್ಪಕ್ಕೆ ಕಾರ್ಡು ಹಾಕಿದೆ. ಅಮ್ಮನಿಗೆ ಗೊತ್ತಿಲ್ಲ. ಬೇಗ ಬಾ ಅಪ್ಪಾ, ಅವಳಿಗೆ ಒಬ್ಬಳೇ ಹೇಳಲು ನನಗೆ ಹೆದರಿಕೆ.